ಕೈಮರದ ದಾರಿಯ ಪಂಕ್ಚರ್ ಅಂಗಡಿಯವರಿಗೆ

ಕಾಫಿ ತೋಟದ ಮಣ್ಣುದಾರಿಯಲ್ಲಿ ನನ್ನ ಮೊದಲ ಕಾರ್ ರ‍್ಯಾಲಿಗೆ ಉಳಿದಿದ್ದದ್ದು ಒಂದೇ ರಾತ್ರಿ. ಅಭ್ಯಾಸ ಮುಗಿಸಿ ಚಿಕ್ಕಮಗಳೂರಿಗೆ ಮರಳುವಾಗ ಮುಂದಿನ ಎಡಚಕ್ರ ಕಟಕಟ ಎನ್ನತೊಡಗಿತು. ಇಳಿದು ನೋಡಿದರೆ ಒಂದು ವೀಲ್ ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟ್) ತುಂಡಾಗಿದೆ, ಉಳಿದ ಮೂರು ನಟ್‌ಗಳೂ ಸಡಿಲ. ಅಮೆರಿಕದ ನಾಸ್ಕಾರ್ ಕಪ್ ಎಂಬ ರೇಸ್ ಸರಣಿಯ ಕಾರುಗಳಿಗೆ 2022ರಿಂದ ಚಕ್ರಕ್ಕೊಂದೇ ನಟ್. ಅಲ್ಲಿನ ಓವಲ್ (ಮೊಟ್ಟೆಯಾಕಾರದ ಟ್ರ್ಯಾಕಿನ) ರೇಸುಗಳನ್ನು ನೋಡಿ ನೋಡಿಯೇ ಹುಚ್ಚು ಹಿಡಿಸಿಕೊಂಡ ನನಗೆ ಆ ಹೊತ್ತಿನಲ್ಲೂ ಅದೇ ನೆನಪಾಗಬೇಕೇ!

ಕತ್ತಲಾಗಿತ್ತು, ನೀವು ಶಟರ್ ಅರ್ಧ ಇಳಿಸಿದ್ದಿರಿ. ನನ್ನ ಮುಖ ನೋಡಿ ಮತ್ತೆ ಎತ್ತಿದಿರಿ. ಹಳೆಯ ಬಿಸ್ಕತ್ ಡಬ್ಬಿಯನ್ನು ಗೋಣಿಚೀಲದ ಮೇಲೆ ಸುರಿದು, ಒಂದೊಂದೇ ಸ್ಟಡ್ಡಿಗೆ ನನ್ನ ನಟ್ ತಿರುಗಿಸಿ ನೋಡುತ್ತಾ ಹೋದಿರಿ. ಏಳನೆಯದು ಕೂತಿತು. ಅದನ್ನು ಚಕ್ರ ಕೂರಿಸುವ ಹಬ್‌ನ ಹಿಂದಿನಿಂದ ತೂರಿಸಿ, ಮುಂದೆ ವಾಷರ್‌ಗಳನ್ನು ಪೇರಿಸಿ, ನಟ್ ಬಿಗಿಯುತ್ತಾ ಎಳೆದು ಕೂರಿಸಿದಿರಿ. ಮಳೆ ಹನಿಯುತ್ತಿತ್ತು. ಮೊಬೈಲ್ ಬೆಳಕು ಹಿಡಿದ ನನ್ನ ಕೈ ನಡುಗಿದಾಗ "ಸ್ವಲ್ಪ ಎಡಕ್ಕೆ ಹಿಡಿಯಿರಿ ಸಾರ್" ಎಂದಿರಿ, ಅಷ್ಟೇ. ಕೊನೆಗೆ ಎದುರುಬದುರಿನ ನಟ್‌ಗಳನ್ನು ಜೋಡಿಯಾಗಿ ಬಿಗಿದು, "ಹತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಯಿರಿ" ಎಂದು ಹೇಳಿದಿರಿ. ತೆಗೆದುಕೊಂಡದ್ದು ಸ್ಟಡ್ಡಿನ ದುಡ್ಡು ಮಾತ್ರ.

ಊರು ತಲುಪಿ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಮತ್ತೆ ಬಿಗಿದೆ. ಒಂದು ನಟ್ ಕಾಲು ಸುತ್ತು ತಿರುಗಿತು. ಆ ರಾತ್ರಿ ನಿದ್ದೆ ಬಂತು. ನಿಮ್ಮ ಹೆಸರು ಕೇಳುವುದನ್ನೇ ಮರೆತಿದ್ದೆ, ಧನ್ಯವಾದ.