12345654321: ಮಾಲೆಯ ಜೊತೆ ದಾರವನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಮಕ್ಕಳ ಪುಟದಲ್ಲಿ 'ಗಣಿತದ ಚಮತ್ಕಾರ' ಎಂದು 27994681 × 441 = 12345654321 ಥರದ ಲೆಕ್ಕಗಳು ಆಗಾಗ ಬರುತ್ತವೆ. ಉತ್ತರ ಇರುತ್ತದೆ, ಕಾರಣ ಇರುವುದಿಲ್ಲ. ಲೆಕ್ಕ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟದ್ದು. ಈ ಸಂಖ್ಯೆಯನ್ನು ಅವನು ಹೆಸರಿಸುವ ಬಗೆಯೇ ಚೆಂದ: ಒಂದರಿಂದ ಹೊರಟು ಆರು ಮುಟ್ಟಿ, ಕ್ರಮವಾಗಿ ಇಳಿಯುವುದು. ಎರಡೂ ತುದಿಯಿಂದ ಒಂದೇ ಥರ ಓದಬಹುದಾದ ಅಂಕಿಗಳ ಮಾಲೆ.

ಇದು 111111ರ ವರ್ಗ. ಕಾಗದದ ಮೇಲೆ ಗುಣಿಸಿದರೆ ಆರು ಸಾಲುಗಳು ಒಂದೊಂದೇ ಸ್ಥಾನ ಎಡಕ್ಕೆ ಸರಿಯುತ್ತವೆ. ಬಲತುದಿಯಲ್ಲಿ ಒಂದೇ 1, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಮತ್ತೆ ಇಳಿಕೆ. ಯಾವ ಸ್ಥಾನದ ಮೊತ್ತವೂ 9 ದಾಟದ ಕಾರಣ ದಶಕ ಬರುವುದಿಲ್ಲ. ಒಂಬತ್ತು 1ಗಳವರೆಗೂ ಹೀಗೆಯೇ. ಹತ್ತನೆಯದು ಸೇರಿತೋ, ನಡುವೆ 10 ಬಂದು ಅದರ ದಶಕ ಎಡಕ್ಕೆ ಹೋಗಿ ಅಲ್ಲಿನ 9ನ್ನೂ 10 ಮಾಡುತ್ತದೆ, ಉತ್ತರ 1234567900987654321. ಮಾಲೆ ಹರಿಯಿತು.

ಹಾಗಾದರೆ 441 ಎಲ್ಲಿಂದ ಬಂತು? 111111 = 111 × 1001. ಇದರಲ್ಲಿ 111 ಎಂದರೆ 3 × 37; 1001 ಎಂದರೆ 7 × 11 × 13. ಐದು ಅವಿಭಾಜ್ಯಗಳಲ್ಲಿ 3 ಮತ್ತು 7ನ್ನು ಒಂದು ಕಡೆ ಇಟ್ಟರೆ 21, ಅದರ ವರ್ಗ 441. ಉಳಿದ 11 × 13 × 37 = 5291; ಅದರ ವರ್ಗವೇ ಆ 27994681. ಇಷ್ಟು ತಿಳಿದ ಹುಡುಗಿ ತಾನೇ ಹೊಸದೊಂದು ಕಟ್ಟಬಲ್ಲಳು: 7 ಮತ್ತು 13ನ್ನು ಬೇರೆ ಮಾಡಿದರೆ 91 ಮತ್ತು 1221, ಅಂದರೆ 8281 × 1490841. ಉತ್ತರ ಅದೇ. ಎರಡೂ ಕಡೆ ವರ್ಗಸಂಖ್ಯೆಯೇ ಇರುವಂಥ ಜೋಡಿಗಳು, 1ನ್ನು ಬಿಟ್ಟು, ಒಟ್ಟು 15. ಚಮತ್ಕಾರಕ್ಕಿಂತ ಇದೇ ರುಚಿಯಾದದ್ದು ಎಂದು ನನ್ನ ಅಭಿಪ್ರಾಯ.

ಅಚ್ಚಿನಲ್ಲಿ ತಪ್ಪುವುದು ಹೆಚ್ಚಾಗಿ ಇದರ ಜೊತೆಗಾರ ಲೆಕ್ಕದಲ್ಲಿ: 12345679 × 9 = 111111111. ಇಲ್ಲಿ 8 ಇಲ್ಲ. ಬಿಟ್ಟುಹೋಗಿದೆ ಎಂದುಕೊಂಡು ಯಾರೋ 'ತಿದ್ದಿ' 8 ಸೇರಿಸುತ್ತಾರೆ, ಉತ್ತರ 1111111101 ಆಗಿಬಿಡುತ್ತದೆ. 111111111ನ್ನು 9ರಿಂದ ಭಾಗಿಸಿ ನೋಡಿ: 71ರಲ್ಲಿ 9 ಏಳು ಸಲ ಹೋದ ಮೇಲೆ ಶೇಷ 8, ಮುಂದಿನ 1 ಇಳಿಸಿದರೆ 81, ನೇರವಾಗಿ 9. ಎಂಟಕ್ಕೆ ಜಾಗವೇ ಇಲ್ಲ.

ಪರೀಕ್ಷಿಸುವವರಿಗೆ ಒಂದು ಮಾತು. 8 ಅಂಕಿಯ ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ ಈ 11 ಅಂಕಿ ಹಿಡಿಸದು. 12 ಅಂಕಿಯದು ಬೇಕು. ಎಂಟರದ್ದೇ ಇದ್ದರೆ ಮಹಾವೀರನದೇ ಇನ್ನೊಂದಿದೆ, 152207 × 73 = 11111111. ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಳ್ಳುವುದರಿಂದ ಒಂಬತ್ತು 1ಗಳ ವರ್ಗ 12345678987654321ರ ಬದಲು ಕೊನೆಗೆ 300 ತೋರಿಸುತ್ತದೆ. ಹಾಗೆಯೇ ಮುದ್ರಿಸುವಾಗ ದಯವಿಟ್ಟು ಕೋಟಿ-ಲಕ್ಷದ ಅಲ್ಪವಿರಾಮ ಹಾಕಬೇಡಿ. 12,34,56,54,321 ಎಂದರೆ ಹಣದ ಲೆಕ್ಕ ಕಾಣುತ್ತದೆ, ಮಾಲೆ ಕಾಣುವುದಿಲ್ಲ.

– ಗಣಿತ ಅಧ್ಯಾಪಕ, ಧಾರವಾಡ