ಮರುದಿನ ಆಕೆ ಕೆಲಸಕ್ಕೆ ಹೋದಳೇ?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕೇತನ್ ಮೆಹ್ತಾ ನಿರ್ದೇಶನದ ‘ಮಿರ್ಚ್ ಮಸಾಲಾ’ (1987) ಹಿಂದಿ ಚಿತ್ರವನ್ನು ಕುರಿತು ಪ್ರಕಟವಾದ ಬರಹವನ್ನು ಓದಿದೆ. ಹಳ್ಳಿಯ ಹೆಣ್ಣುಮಕ್ಕಳು ನ್ಯಾಯಕ್ಕಾಗಿ, ಮಾನಕ್ಕಾಗಿ ನಡೆಸಿದ ಹೋರಾಟದ ಚಿತ್ರವೆಂದು ಲೇಖಕರು ಅದನ್ನು ಮೆಚ್ಚಿಕೊಂಡಿರುವುದು ಸರಿಯಾಗಿಯೇ ಇದೆ. ಆದರೆ ಅವರ ಮೆಚ್ಚುಗೆಯೆಲ್ಲ ಕೊನೆಯ ದೃಶ್ಯಕ್ಕೆ, ಎಂದರೆ ಹೆಂಗಸರು ಕಂದಾಯ ವಸೂಲಿಯ ಅಧಿಕಾರಿ ಸುಬೇದಾರನ ಕಣ್ಣಿಗೆ ಖಾರದ ಪುಡಿ ಎರಚುವ ಆ ಕೆಲವು ಕ್ಷಣಗಳಿಗೆ ಮೀಸಲಾಗಿದೆ. ಇದೊಂದು ‘ಸೇಡಿನ ಕಥೆ’ ಎಂಬ ಅವರ ಮಾತನ್ನು ನಾನು ಒಪ್ಪಲಾರೆ.

ಸ್ವಾತಂತ್ರ್ಯಪೂರ್ವದ ಒಂದು ಹಳ್ಳಿಗೆ ಸಿಪಾಯಿಗಳೊಂದಿಗೆ ಬಂದು ಬಿಡಾರ ಹೂಡುವ ಸುಬೇದಾರನಿಗೆ ಸೋನ್‌ಬಾಯಿಯ ಮೇಲೆ ಕಣ್ಣು ಬೀಳುತ್ತದೆ. ಆಕೆ ಅವನ ಕೆನ್ನೆಗೆ ಬಾರಿಸಿ, ಓಡಿಹೋಗಿ ಮೆಣಸಿನಕಾಯಿ ಕುಟ್ಟುವ ಕಾರ್ಖಾನೆಯೊಳಗೆ ಸೇರಿಕೊಳ್ಳುತ್ತಾಳೆ. ಮುದಿ ಕಾವಲುಗಾರ ಅಬು ಮಿಯಾ ಹೆಬ್ಬಾಗಿಲು ಮುಚ್ಚಿಬಿಡುತ್ತಾನೆ. ಇದಿಷ್ಟು ಆದಮೇಲೆ ಚಿತ್ರದ ಹೆಚ್ಚಿನ ಭಾಗವೆಲ್ಲ ನಡೆಯುವುದು ಆ ಬಾಗಿಲಿನ ಸುತ್ತಲೇ. ಅದನ್ನು ತೆರೆಸಬೇಕೆಂದು ಸುಬೇದಾರನಷ್ಟೇ ಆತುರಪಡುವವರು ಊರಿನ ಮರ್ಯಾದಸ್ಥರು. ಅವರಾರೂ ಸುಬೇದಾರನ ಕಡೆಯವರಲ್ಲ, ಅವನಿಗೆ ಹೆದರುವವರು. ಒಬ್ಬಳನ್ನು ಒಪ್ಪಿಸಿದರೆ ಊರು ಉಳಿಯುತ್ತದೆ ಎಂಬ ಲೆಕ್ಕ ಅವರದು. ಇವತ್ತು ಇವಳನ್ನು ಕೊಟ್ಟರೆ ನಾಳೆ ಅವನು ಇನ್ನೊಬ್ಬಳನ್ನು ಕೇಳುತ್ತಾನೆ ಎಂದು ಶಾಲೆಯ ಮೇಷ್ಟ್ರು ಹೇಳಿದ ಮಾತು ಆ ಸಭೆಗೆ ರುಚಿಸುವುದಿಲ್ಲ. ಕೊನೆಗೆ, ಮುಂದೆಂದೂ ಇಂಥ ಬೇಡಿಕೆ ಇಡಬಾರದು ಎಂಬ ಷರತ್ತಿನ ಮೇಲೆ ಆಕೆಯನ್ನು ಒಪ್ಪಿಸುವುದೆಂದು ತೀರ್ಮಾನವಾದಾಗ, ಆ ಷರತ್ತನ್ನು ಕೇಳಿ ಸುಬೇದಾರ ನಕ್ಕುಬಿಡುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಭಯಾನಕವೆನಿಸುವುದು ಆ ನಗು. ಅಲ್ಲಿ ಬಯಲಾಗುವುದು ಅವನ ಕ್ರೌರ್ಯವಲ್ಲ (ಅದು ನಮಗೆ ಮೊದಲೇ ಗೊತ್ತು), ಊರಿನ ಹಿರಿಯರು ತಮ್ಮ ಹೇಡಿತನಕ್ಕೆ ತೊಡಿಸಿದ್ದ ಜಾಣತನದ ಅಂಗಿ. ಮುಖಿಯ, ಎಂದರೆ ಊರಿನ ಮುಖ್ಯಸ್ಥನ, ಪಾತ್ರ ವಹಿಸಿದ ಸುರೇಶ್ ಓಬೆರಾಯ್ ಅವರಿಗೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ ಸಂದದ್ದು ಸುಮ್ಮನೆ ಅಲ್ಲ. ಆ ಮನುಷ್ಯನನ್ನು ನಾವೆಲ್ಲರೂ ಯಾವುದಾದರೊಂದು ಪಂಚಾಯಿತಿ ಕಟ್ಟೆಯ ಮೇಲೆ ನೋಡಿಯೇ ಇರುತ್ತೇವೆ.

ಬಾಗಿಲ ಒಳಗಿನ ಹೆಂಗಸರೂ ಒಗ್ಗಟ್ಟಾಗಿ ಇರುವುದಿಲ್ಲ ಎಂಬುದನ್ನು ತಮ್ಮ ಲೇಖಕರು ಬಿಟ್ಟೇಬಿಟ್ಟಿದ್ದಾರೆ. ನಿನ್ನಿಂದಾಗಿ ನಮಗೂ ಈ ಗತಿ ಬಂತು ಎಂದು ಸೋನ್‌ಬಾಯಿಯನ್ನು ದೂರುವವರು ಅವರ ನಡುವೆಯೇ ಇದ್ದಾರೆ. ಆ ಸೆರೆಯೊಳಗೇ ಒಬ್ಬಳಿಗೆ ಹೆರಿಗೆಯಾಗುತ್ತದೆ. ಹೊರಗೆ ಮುಖಿಯ ಹೆಂಡತಿ, ಗಂಡನ ಸಿಟ್ಟನ್ನೂ ಲೆಕ್ಕಿಸದೆ ಮಗಳನ್ನು ಶಾಲೆಗೆ ಕಳಿಸಿದವಳು, ಊರ ಹೆಂಗಸರನ್ನು ಕೂಡಿಸಿಕೊಂಡು ತಟ್ಟೆ ಬಾರಿಸುತ್ತ ಬೀದಿಗೆ ಇಳಿಯುತ್ತಾಳೆ. ದೀಪ್ತಿ ನವಲ್ ನಿರ್ವಹಿಸಿದ ಈ ಪಾತ್ರ ನನಗೆ ಸೋನ್‌ಬಾಯಿಯಷ್ಟೇ ದೊಡ್ಡದಾಗಿ ಕಾಣುತ್ತದೆ. ಮೂವತ್ತು ವರ್ಷ ಹಳ್ಳಿಶಾಲೆಗಳಲ್ಲಿ ಪಾಠ ಹೇಳಿದವಳಿಗೆ ಹಾಗೆ ಕಾಣುವುದು ಸಹಜವೆಂದು ತಾವು ನಗಬಹುದು.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಗೆಳತಿಯರು ಸೇರಿ ಈ ಚಿತ್ರವನ್ನು ಮೆಣಸಿನಕಾಯಿಯ ತೊಟ್ಟು ಬಿಡಿಸುವ, ನಮ್ಮ ಕಡೆಯ ಮಾತಿನಲ್ಲಿ ತುಂಬು ಬಿಡಿಸುವ, ಕೂಲಿ ಹೆಂಗಸರಿಗೆ ತೋರಿಸಿದ್ದೆವು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಅದರ ಬಣ್ಣವನ್ನು ಜಗತ್ತೇ ಹೊಗಳುತ್ತದೆ. ತುಂಬು ಬಿಡಿಸುವವರ ಬೆರಳುಗಳನ್ನು ನೋಡಿದವರು ಕಡಿಮೆ. ಆ ದಿನ ನನ್ನ ಪಕ್ಕದಲ್ಲಿ ಕುಳಿತಿದ್ದವಳು ಮಡಿಲಲ್ಲಿ ಮಲಗಿದ್ದ ಕೂಸಿನ ಮುಖವನ್ನು ಅಂಗೈಯಿಂದ ಮುಟ್ಟಲೇ ಇಲ್ಲ, ಸೆರಗನ್ನು ಎರಡು ಸುತ್ತು ಸುತ್ತಿಕೊಂಡು ಅದರ ಮೂಗು ಒರೆಸುತ್ತಿದ್ದಳು. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ತಿಕ್ಕಿ ತೊಳೆದರೂ ರಾತ್ರಿಯವರೆಗೆ ಕೈ ಉರಿ ಹೋಗುವುದಿಲ್ಲವಂತೆ. ಹಾಗಾಗಿ ಕೊನೆಯ ದೃಶ್ಯದಲ್ಲಿ ಪುಡಿ ಹಾರಿದಾಗ ಅವರು ಚಪ್ಪಾಳೆ ಹೊಡೆಯದೆ ತಟ್ಟನೆ ಕಣ್ಣು ಮುಚ್ಚಿಕೊಂಡದ್ದು ನನಗೆ ಈಗಲೂ ನೆನಪಿದೆ. ನಮಗೆ ಅದು ಆಯುಧವಾಗಿ ಕಂಡಿತ್ತು, ಅವರಿಗೆ ಅದು ದಿನದ ಕೆಲಸವಾಗಿತ್ತು.

ದೀಪ ಹತ್ತಿದ ಮೇಲೆ ಅವರಲ್ಲೇ ವಯಸ್ಸಾದ ಒಬ್ಬಾಕೆ ಕೇಳಿದ್ದು ಇಷ್ಟು: ‘ಅಕ್ಕಾರ, ಮರುದಿನ ಆಕಿ ಕೆಲಸಕ್ಕ ಹೋದ್ಲೇನ್ರಿ?’

ನನ್ನ ಬಳಿ ಉತ್ತರವಿರಲಿಲ್ಲ, ಚಿತ್ರದಲ್ಲೂ ಇಲ್ಲ. ಸುಬೇದಾರ ಕಣ್ಣು ಮುಚ್ಚಿಕೊಂಡು ಚೀರುವಲ್ಲಿಗೆ ಕಥೆ ನಿಲ್ಲುತ್ತದೆ. ಅಬು ಮಿಯಾ ಸತ್ತಿದ್ದಾನೆ, ಸೋನ್‌ಬಾಯಿಯ ಗಂಡ ರೈಲ್ವೆ ನೌಕರಿಗೆಂದು ಊರು ಬಿಟ್ಟಿದ್ದಾನೆ, ಒಪ್ಪಿಸಲು ನಿಂತಿದ್ದ ಹಿರಿಯರೇ ಆ ಊರಿನಲ್ಲಿ ಮುಂದೆಯೂ ಹಿರಿಯರು. ಕಾರ್ಖಾನೆಯ ಒಡೆಯ ಆಕೆಗೆ ಮತ್ತೆ ಕೂಲಿ ಕೊಟ್ಟನೇ? ಕೂಲಿಯ ಹೆಣ್ಣು ಕೇಳುವ ಪ್ರಶ್ನೆ ಇದು. ಸೇಡು ತೀರಿದರೆ ಕಥೆ ಮುಗಿಯಿತು ಎಂಬ ಸಮಾಧಾನ ನಮ್ಮಂಥ ನೋಡುಗರದು.

ಆ ಮರುದಿನಕ್ಕಾಗಿಯೇ ಈ ದೇಶದಲ್ಲಿ, ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ಒಂದು ಕಾನೂನು ಇದೆ, ಮತ್ತು ಅದರ ಬೇರು ಇರುವುದೂ ಒಂದು ಹಳ್ಳಿಯಲ್ಲೇ. ರಾಜಸ್ಥಾನದಲ್ಲಿ ಸರ್ಕಾರದ ಕಾರ್ಯಕ್ರಮದಡಿ ‘ಸಾಥಿನ್’ (ಹಳ್ಳಿಯ ಮಹಿಳಾ ಕಾರ್ಯಕರ್ತೆ) ಆಗಿ ದುಡಿಯುತ್ತಿದ್ದ ಮಹಿಳೆಯೊಬ್ಬರು ಬಾಲ್ಯವಿವಾಹ ತಡೆಯಲು ಹೋದ ಕಾರಣಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1997ರಲ್ಲಿ ‘ವಿಶಾಖಾ ಮಾರ್ಗಸೂಚಿ’ ನೀಡಿತು, ಅದು 2013ರಲ್ಲಿ ಕಾಯ್ದೆಯಾಯಿತು. ನಗರದ ಕಚೇರಿಗಳ ಗೋಡೆಯ ಮೇಲೆ ಇಂದು ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯರ ಹೆಸರಿನ ಫಲಕ ತೂಗುತ್ತಿದ್ದರೆ ಅದು ಆ ಹಳ್ಳಿಯ ಹೆಣ್ಣಿನ ಋಣ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಹೆಣ್ಣುಮಕ್ಕಳು ಹೋಗಬೇಕಾದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ. ಗ್ರಾಮೀಣ ಪ್ರದೇಶದಲ್ಲಿ ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು, ತಮಗೆ ಬಂದ ದೂರನ್ನು ಅವರು ಏಳು ದಿನದೊಳಗೆ ಸಮಿತಿಗೆ ತಲುಪಿಸಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬ ಗಡುವೂ ಅದರಲ್ಲಿದೆ. ಯಾರಿಗೆ ಕೊಡಬೇಕೆಂದು ತಿಳಿಯುವಷ್ಟರಲ್ಲೇ ಆ ಗಡುವು ಮುಗಿದಿರುತ್ತದೆ.

ಆ ಹೆಂಗಸರಿಗೆ ಹೇಳೋಣವೆಂದು ನಾನೇ ತಾಲ್ಲೂಕು ಮಟ್ಟದ ಕಚೇರಿಯೊಂದಕ್ಕೆ ಹೋಗಿ ನೋಡಲ್ ಅಧಿಕಾರಿ ಯಾರೆಂದು ವಿಚಾರಿಸಿದೆ. ‘ಅದು ಯಾವ ಯೋಜನೆ ಮೇಡಂ, ಅರ್ಜಿ ನಮೂನೆ ಬಂದಿದೆಯಾ?’ ಎಂದು ಅಲ್ಲಿಯ ಗುಮಾಸ್ತರು ವಿನಯದಿಂದಲೇ ಕೇಳಿದರು. ಅವರನ್ನು ದೂರಿ ಫಲವಿಲ್ಲ. ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ, 2024ರ ಡಿಸೆಂಬರ್‌ನಲ್ಲಿ, ಜಿಲ್ಲಾ ಅಧಿಕಾರಿಗಳನ್ನು ನೇಮಿಸಿ ಸ್ಥಳೀಯ ಸಮಿತಿಗಳನ್ನು ರಚಿಸಿ ಎಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟೇ ಗಡುವು ಹಾಕಿ ಹೇಳಬೇಕಾಯಿತು.

ಸೋನ್‌ಬಾಯಿಯ ಪಾತ್ರ ವಹಿಸಿದ ಸ್ಮಿತಾ ಪಾಟೀಲ್ ಈ ಚಿತ್ರದ ಬಿಡುಗಡೆಯನ್ನು ಕಾಣಲಿಲ್ಲ, 1986ರ ಡಿಸೆಂಬರ್‌ನಲ್ಲೇ ತೀರಿಕೊಂಡರು. ಆಕೆಯ ಆ ಉರಿಗಣ್ಣಿನ ಚಿತ್ರವನ್ನು ತಾವು ಅರ್ಧ ಪುಟದಷ್ಟು ದೊಡ್ಡದಾಗಿ ಅಚ್ಚು ಹಾಕಿದ್ದೀರಿ, ಬಹಳ ಚೆನ್ನಾಗಿದೆ. ಮುಂದಿನ ಬಾರಿ ಇಂಥ ಚಿತ್ರದ ಬಗ್ಗೆ ಬರೆಯುವಾಗ ಅದರ ಕಾಲುಭಾಗ ಜಾಗ ಬಿಡಿಸಿ, ತಮ್ಮ ಪತ್ರಿಕೆ ತಲುಪುವ ಪ್ರತಿ ತಾಲ್ಲೂಕಿನ ನೋಡಲ್ ಅಧಿಕಾರಿಯ ಹುದ್ದೆ, ಕಚೇರಿ ಮತ್ತು ದೂರವಾಣಿ ಸಂಖ್ಯೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಎಲ್ಲಿ ಆ ಹುದ್ದೆಗೆ ಯಾರನ್ನೂ ನೇಮಿಸಿಲ್ಲವೋ ಅಲ್ಲಿ ತಾಲ್ಲೂಕಿನ ಹೆಸರನ್ನು ಅಚ್ಚು ಮಾಡಿ, ಅದರ ಮುಂದಿನ ಜಾಗವನ್ನು ಖಾಲಿ ಬಿಡಿ. ಆ ಪುಟವನ್ನು ಕತ್ತರಿಸಿಕೊಂಡು ಹೋಗಿ ತುಂಬು ಬಿಡಿಸುವ ಅಂಗಳದ ಗೋಡೆಗೆ ಅಂಟಿಸುವ ಕೆಲಸ ನನಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ