ಹನ್ನೊಂದು ಜನ ಸೇರಿಸೋದೇ ಆಟ

ಪ್ರೀತಿಯ ಗೆಳೆಯಾ,

ನ್ಯೂಯಾರ್ಕಿನ ಮೆಕ್ಸಿಕನ್ನರ ಭಾನುವಾರದ ಫುಟ್‌ಬಾಲ್ ಹೇಗೆ ನಡೆಯುತ್ತೆ ಅಂತ ಕೇಳಿದ್ದೆಯಲ್ಲ, ಹೇಳ್ತೀನಿ. ಕ್ವೀನ್ಸ್ ಕಡೆಗೆ ಹೋಗೋ 7ನೇ ನಂಬರ್ ರೈಲು ಹತ್ತಿ 111ನೇ ಸ್ಟ್ರೀಟ್‌ನಲ್ಲಿ ಇಳಿ. ಫ್ಲಶಿಂಗ್ ಮೆಡೋಸ್ ಪಾರ್ಕಿನೊಳಗೆ 1964ರ ವಿಶ್ವ ಮೇಳಕ್ಕೆ ಮಾಡಿದ ದೊಡ್ಡ ಉಕ್ಕಿನ ಭೂಗೋಳ ಇದೆ. ಆ ಪಾರ್ಕಿನಲ್ಲೇ ಮೈದಾನಗಳು. ಈ ಊರಿನ ಮೆಕ್ಸಿಕನ್ನರಲ್ಲಿ ಪ್ವೆಬ್ಲಾ ರಾಜ್ಯದವರು ಬಹಳ, ಅದಕ್ಕೇ ತಮಾಷೆಗೆ 'ಪ್ವೆಬ್ಲಾ ಯಾರ್ಕ್' ಅಂತಾರೆ.

ಗೋಲು ಹೊಡೆಯೋದು ಆಮೇಲಿನ ಮಾತು, ಮೊದಲು ಜನ ಸೇರಬೇಕು. ಅದು ದೆಲೆಗಾದೊನ ತಲೆನೋವು. ತಂಡದ ಮ್ಯಾನೇಜರ್, ಖಜಾಂಚಿ, ಎಲ್ಲರ ಕೈಲೂ ಬೈಸಿಕೊಳ್ಳೋನು, ಎಲ್ಲಾ ಅವನೇ. ನಿಯಮದ ಪ್ರಕಾರ ಒಂದು ಕಡೆ 7 ಜನಕ್ಕಿಂತ ಕಡಿಮೆ ಇದ್ದರೆ ಆಟ ಶುರು ಮಾಡೋ ಹಾಗಿಲ್ಲ. ಶನಿವಾರ ಮಧ್ಯರಾತ್ರಿ ದಾಟೋವರೆಗೂ ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆದವನು ಬೆಳಗಿನ ಪಂದ್ಯಕ್ಕೆ ಏಳಲ್ಲ. ಭಾನುವಾರದ ಪಾಳಿ ಬಿದ್ದವನಂತೂ ಬರೋದೇ ಇಲ್ಲ. ಹಾಗಾಗಿ ಜಾಣ ದೆಲೆಗಾದೊ 18–20 ಹೆಸರು ಬರೆಸಿಟ್ಟಿರ್ತಾನೆ, ಅದರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಮೈದಾನದ ಪರ್ಮಿಟ್ ಗಂಟೆ ಲೆಕ್ಕ. ಶುರು ತಡವಾದರೆ ಅಷ್ಟು ನಿಮಿಷ ಆಟದಲ್ಲೇ ಕಟ್. ರೆಫರಿ ಕೂಲಿ ಸಾಮಾನ್ಯವಾಗಿ ಎರಡೂ ತಂಡ ಅರ್ಧರ್ಧ, ವಿಸಿಲ್ ಊದೋ ಮೊದಲೇ ನಗದು.

ಜಗಳ ಬೀಳೋದು ಆಟಗಾರರ ಗುರುತಿನ ಫೋಟೊ ಕಾರ್ಡಿನ ಹತ್ತಿರ. ಜನ ಸಾಲದಾಗ ಗೈರುಹಾಜರಾದವನ ಕಾರ್ಡಿನಲ್ಲಿ ಬೇರೆಯವನನ್ನು ಇಳಿಸ್ತಾರೆ. ಅಂಥವನು 'ಕಾಚಿರುಲ್'. ಕಾರ್ಡಿನಲ್ಲಿ ಮೀಸೆ ಇದೆ, ಎದುರಿಗೆ ನಿಂತವನಿಗೆ ಇಲ್ಲ, ಬೋಳಿಸಿದೆ ಅಂತಾನೆ! ಮೆಕ್ಸಿಕೋದಲ್ಲಿ ಈ ಪದಕ್ಕೆ ನೋವಿನ ಚರಿತ್ರೆಯೂ ಇದೆ. 1988ರಲ್ಲಿ ಕಿರಿಯರ ತಂಡದಲ್ಲಿ ವಯಸ್ಸು ಮೀರಿದವರನ್ನು ಆಡಿಸಿ ಸಿಕ್ಕಿಬಿದ್ದು, ಇಡೀ ದೇಶ 1990ರ ವಿಶ್ವಕಪ್‌ನಿಂದ ಹೊರಗುಳಿಯಿತು.

ನೀನು ಆಡೋದಾದರೆ ನೇರ ಲೀಗಿಗೆ ಕೈ ಹಾಕಬೇಡ. ಮೈದಾನದ ಅಂಚಿನಲ್ಲಿ ಕಾಸ್ಕಾರಿತಾ, ಅಂದರೆ ಲೆಕ್ಕಪತ್ರ ಇಲ್ಲದ ಆಟ, ನಡೀತಿರುತ್ತೆ. ಅಲ್ಲಿ ಕೇಳು. ಕೃತಕ ಹುಲ್ಲಿಗೆ ಗಿಡ್ಡ ರಬ್ಬರ್ ಮೊಳೆಯ ಶೂ ಸಾಕು. ಉದ್ದ ಮೊಳೆ ಹುಲ್ಲಿಗೆ ಕಚ್ಚಿಕೊಂಡರೆ ಪಾದ ನಿಂತಲ್ಲೇ ನಿಲ್ಲುತ್ತೆ, ಮೈ ತಿರುಗುತ್ತೆ, ಮಂಡಿ ಹೋಗುತ್ತೆ. ಜುಲೈ ಬಿಸಿಲಲ್ಲಿ ಆ ಹುಲ್ಲು ಕಾದ ಹೆಂಚು, ದಪ್ಪ ಕಾಲುಚೀಲ ಹಾಕು.

ಆಟ ಮುಗಿದ ಮೇಲೆ ಎಲೋತೆ ತಿನ್ನು: ಕಡ್ಡಿಗೆ ಚುಚ್ಚಿದ ಬೆಂದ ಮೆಕ್ಕೆಜೋಳದ ತೆನೆ, ಮೇಲೆ ಮಯೊನೀಸ್, ಪುಡಿ ಚೀಸ್, ಖಾರದಪುಡಿ, ನಿಂಬೆಹುಳಿ. ಜೊತೆಗೆ ಕೆಂಪು ಹಮೈಕಾ ಶರಬತ್ತು. ನಮ್ಮ ಪುಂಡಿ ಜಾತಿಯ ಗಿಡದ ಒಣ ಹೂವಿಂದ ಮಾಡಿದ್ದು, ಹುಳಿ ನಾಲಿಗೆಗೆ ತಕ್ಷಣ ಗುರುತು ಸಿಗುತ್ತೆ.

ಇಂತಿ ನಿನ್ನ ಗೆಳೆಯ